ರಕ್ತಸ್ರಾವ, ರಕ್ತದ ಸಕ್ಕರೆ ಮತ್ತು ಹಾರ್ಮೋನುಗಳ ನಿಯಂತ್ರಣ: ಶಿಕಾರಿಪುರ–ಸೊರಬ ಸೀಮೆಯ ಪ್ರಾಣಿಗಳ ಹಿನ್ನೆಲೆಯಲ್ಲಿ

ಪೀಠಿಕೆ

ಶಿವಮೊಗ್ಗ ಜಿಲ್ಲೆಯ ಶಿಕಾರಿಪುರ ಮತ್ತು ಸೊರಬ ತಾಲ್ಲೂಕುಗಳು ಮಲೆನಾಡು ಬಯಲಿಗೆ ಇಳಿಯುವ ಅಂಚಿನಲ್ಲಿವೆ. ಕುಮುದ್ವತಿ, ದಂಡಾವತಿ, ವರದಾ ನದಿಗಳ ಆಸುಪಾಸಿನ ಗದ್ದೆಗಳು, ನೂರಾರು ಕೆರೆಗಳು, ಅವುಗಳ ಬೆನ್ನಿಗೆ ಕುರುಚಲು ಮತ್ತು ಎಲೆಯುದುರುವ ಕಾಡುಗಳು ಇಲ್ಲಿನ ಭೂಲಕ್ಷಣ. ಭತ್ತದ ಬೇಸಾಯ ಮತ್ತು ಕಾಡಿನ ಮೇವು ಎರಡನ್ನೂ ನಂಬಿದ ಪಶುಪಾಲನೆ ಇಲ್ಲಿನ ಜೀವನಕ್ರಮದ ಅವಿಭಾಜ್ಯ ಅಂಗವಾಗಿದೆ. ಗಿಡ್ಡ ತಳಿಯ ದನ, ಎಮ್ಮೆ, ಆಡುಗಳು ಬೆಳಗ್ಗೆ ಕಾಡಿಗೆ ಹೋಗಿ ಸಂಜೆ ಕೊಟ್ಟಿಗೆಗೆ ಮರಳುವ ಪದ್ಧತಿ ಇನ್ನೂ ಪೂರ್ಣವಾಗಿ ಮರೆಯಾಗಿಲ್ಲ.

ಈ ಸೀಮೆಯಲ್ಲಿ ಪ್ರಾಣಿಯು ರಕ್ತ ಕಳೆದುಕೊಳ್ಳುವ ಸಂದರ್ಭಗಳು ಹಲವು. ದೀಪಾವಳಿಯ ತರುವಾಯ ನಡೆಯುವ ಹೋರಿ ಬೆದರಿಸುವ ಆಟದಲ್ಲಿ ಗಾಯಗೊಳ್ಳುವ ಹೋರಿ, ಚಿರತೆಯ ಬಾಯಿಂದ ತಪ್ಪಿಸಿಕೊಂಡು ಬಂದ ಕರು, ಕಷ್ಟದ ಈಯುವಿಕೆಯಲ್ಲಿ ಗರ್ಭಕೋಶ ಹರಿದ ಎಮ್ಮೆ ಇವೆಲ್ಲ ಕ್ಷಿಪ್ರ ರಕ್ತಸ್ರಾವದ ನಿದರ್ಶನಗಳು. ಉಣುಗು, ಇಂಬಳ, ಜಠರದ ಹುಳುಗಳಿಂದ ಆಗುವ ನಷ್ಟವು ಹನಿಹನಿಯಾದದ್ದು. ಕಣ್ಣಿಗೆ ಕಾಣದಂತೆ ತಿಂಗಳುಗಟ್ಟಲೆ ಸಾಗುವಂಥದ್ದು. ಇವೆರಡಕ್ಕೂ ಸೇರದ ಮೂರನೆಯ ಬಗೆಯೊಂದುಂಟು. ೧೯೫೭ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳನ್ನು ಬಲಿತೆಗೆದುಕೊಂಡು ಜಗತ್ತಿನ ವೈದ್ಯಕೀಯ ಗ್ರಂಥಗಳಲ್ಲಿ ಆ ಊರಿನ ಹೆಸರನ್ನು ಸ್ಥಿರಗೊಳಿಸಿದ ಮಂಗನ ಕಾಯಿಲೆಯಲ್ಲಿ, ಜ್ವರದೊಡನೆ ದೇಹದೊಳಗೇ ರಕ್ತ ಸೋರುತ್ತದೆ.

ರಕ್ತ ನಷ್ಟವಾದಾಗ ಪ್ರಾಣಿಯ ದೇಹದಲ್ಲಿ ಸಕ್ಕರೆಯ ಪ್ರಮಾಣ ಏನಾಗುತ್ತದೆ, ಅದನ್ನು ಯಾವ ಹಾರ್ಮೋನುಗಳು ನಿರ್ವಹಿಸುತ್ತವೆ, ಈ ವ್ಯವಸ್ಥೆ ಎಲ್ಲಿ ಸೋಲುತ್ತದೆ ಎಂಬ ಪ್ರಶ್ನೆಗಳನ್ನು ಪ್ರಸ್ತುತ ಪ್ರಬಂಧದಲ್ಲಿ ವಿವೇಚಿಸಲಾಗಿದೆ. ರಕ್ತಸ್ರಾವದಲ್ಲಿ ಏರುವ ಸಕ್ಕರೆಯು ರೋಗಲಕ್ಷಣವಲ್ಲ, ಅದು ದೇಹದ ರಕ್ಷಣೋಪಾಯ. ಆ ಉಪಾಯವು ಪ್ರಾಣಿಯ ಹಿಂದಿನ ದಿನಗಳ ಮೇವನ್ನು ಅವಲಂಬಿಸಿದೆ ಎಂಬುದು ಇಲ್ಲಿನ ಮುಖ್ಯ ಪ್ರತಿಪಾದನೆ.

ವಿಚಾರದ ಪೂರ್ವೇತಿಹಾಸ

ರಕ್ತದ ಸಕ್ಕರೆಯ ಅಧ್ಯಯನಕ್ಕೆ ಭದ್ರ ತಳಹದಿ ಹಾಕಿದವರು ಫ್ರಾನ್ಸಿನ ಶರೀರಶಾಸ್ತ್ರಜ್ಞ ಕ್ಲಾಡ್ ಬರ್ನಾರ್. ಪ್ರಾಣಿದೇಹವು ಸಕ್ಕರೆಯನ್ನು ಆಹಾರದಿಂದ ಪಡೆಯುತ್ತದೆಯೇ ಹೊರತು ತಾನೇ ತಯಾರಿಸಲಾರದು ಎಂಬುದು ಅಂದಿನ ನಂಬಿಕೆಯಾಗಿತ್ತು. ಮಾಂಸವನ್ನಷ್ಟೇ ತಿಂದ ನಾಯಿಯ ಯಕೃತ್ತಿನಿಂದ ಹೊರಬರುವ ರಕ್ತದಲ್ಲಿಯೂ ಸಕ್ಕರೆ ಇರುವುದನ್ನು ತೋರಿಸಿ ಬರ್ನಾರ್ ಈ ನಂಬಿಕೆಯನ್ನು ಅಲ್ಲಗಳೆದರು. ೧೮೪೯ರಲ್ಲಿ ಮೊಲದ ಮೆದುಳಿನ ಬುಡದ ನಿರ್ದಿಷ್ಟ ಭಾಗವನ್ನು ಚುಚ್ಚಿದಾಗ ಅದರ ಮೂತ್ರದಲ್ಲಿ ಸಕ್ಕರೆ ಕಾಣಿಸಿಕೊಳ್ಳುವುದನ್ನು ಗುರುತಿಸಿದರು. ನರವ್ಯೂಹಕ್ಕೂ ಸಕ್ಕರೆಗೂ ಸಂಬಂಧವಿದೆಯೆಂಬುದು ಹೀಗೆ ಸಿದ್ಧವಾಯಿತು. ೧೮೫೭ರಲ್ಲಿ ಯಕೃತ್ತಿನಿಂದ ಗ್ಲೈಕೊಜೆನ್ ಎಂಬ ದಾಸ್ತಾನು ಪದಾರ್ಥವನ್ನು ಬೇರ್ಪಡಿಸಿದರು. ರಕ್ತ ಹರಿದುಹೋದ ಪ್ರಾಣಿಯಲ್ಲಿ ಉಳಿದ ರಕ್ತದ ಸಕ್ಕರೆ ಏರುತ್ತದೆ ಎಂಬ ಸಂಗತಿಯನ್ನೂ ಅವರು ತಮ್ಮ ಉಪನ್ಯಾಸಗಳಲ್ಲಿ ದಾಖಲಿಸಿದ್ದಾರೆ.

ಈ ಏರಿಕೆಯ ಅರ್ಥವನ್ನು ಬಿಡಿಸಿದವರಲ್ಲಿ ಅಮೆರಿಕದ ವಾಲ್ಟರ್ ಕ್ಯಾನನ್ ಪ್ರಮುಖರು. ಬೆದರಿದ ಬೆಕ್ಕುಗಳ ಮೂತ್ರದಲ್ಲಿ ಸಕ್ಕರೆ ಕಾಣಿಸಿಕೊಳ್ಳುವುದನ್ನು ಅವರು ಮತ್ತು ಅವರ ಸಹೋದ್ಯೋಗಿಗಳು ೧೯೧೧ರಲ್ಲಿ ಪ್ರಕಟಿಸಿದರು. ನೋವು, ಹಸಿವು, ಭಯ ಮತ್ತು ಕೋಪಗಳಲ್ಲಿ ದೇಹವು ಹೊಂದುವ ಬದಲಾವಣೆಗಳನ್ನು ಕುರಿತ ಅವರ ಗ್ರಂಥ ೧೯೧೫ರಲ್ಲಿ ಹೊರಬಂದಿತು. ಕಾದಾಟಕ್ಕಾಗಲಿ ಓಟಕ್ಕಾಗಲಿ ಸಿದ್ಧಗೊಳ್ಳುವ ದೇಹವು ಇಂಧನವನ್ನು ಮುಂಚಿತವಾಗಿಯೇ ರಕ್ತಕ್ಕೆ ಬಿಡುಗಡೆ ಮಾಡುತ್ತದೆ ಎಂಬುದು ಅವರ ನಿಲುವು. ಒಳಗಿನ ಪರಿಸರವನ್ನು ಸ್ಥಿರವಾಗಿರಿಸಿಕೊಳ್ಳುವ ಈ ಗುಣಕ್ಕೆ ‘ಹೋಮಿಯೊಸ್ಟೇಸಿಸ್’ ಅಥವಾ ಸಮಸ್ಥಿತಿ ಎಂಬ ಹೆಸರನ್ನು ಕೊಟ್ಟವರೂ ಅವರೇ.

ಮುಂದೆ ಗ್ಲೈಕೊಜೆನ್ನಿನ ರಾಸಾಯನಿಕ ಮಾರ್ಗವನ್ನು ಕಾರ್ಲ್ ಕೋರಿ ಮತ್ತು ಗರ್ಟಿ ಕೋರಿ ದಂಪತಿಗಳು ವಿವರಿಸಿದರು. ಪಿಟ್ಯುಟರಿ ಗ್ರಂಥಿಯು ಸಕ್ಕರೆಯ ಮೇಲೆ ಬೀರುವ ಪ್ರಭಾವವನ್ನು ಅರ್ಜೆಂಟೀನಾದ ಬರ್ನಾರ್ಡೊ ಹೌಸೆ ತೋರಿಸಿದರು. ಈ ಮೂವರೂ ೧೯೪೭ರ ನೊಬೆಲ್ ಪಾರಿತೋಷಕವನ್ನು ಹಂಚಿಕೊಂಡರು. ಅಡ್ರಿನಲಿನ್ ಯಕೃತ್ತಿನ ಕೋಶಕ್ಕೆ ಸಂದೇಶವನ್ನು ಮುಟ್ಟಿಸುವ ಬಗೆಯನ್ನು ಕಂಡುಹಿಡಿದ ಅರ್ಲ್ ಸದರ್‌ಲ್ಯಾಂಡ್ ಅವರಿಗೆ ೧೯೭೧ರಲ್ಲಿ ಅದೇ ಗೌರವ ಸಂದಿತು.

ಮೊದಲ ನಿಮಿಷಗಳ ವಿದ್ಯಮಾನ

ಸಸ್ತನಿಗಳ ದೇಹತೂಕದ ಶೇಕಡಾ ೬ರಿಂದ ೮ರಷ್ಟು ರಕ್ತವಿರುತ್ತದೆ. ದನಗಳಲ್ಲಿ ಇದು ಪ್ರತಿ ಕಿಲೋ ತೂಕಕ್ಕೆ ಸುಮಾರು ೬೦ ಮಿ.ಲೀ. ಎಂದು ಇಟ್ಟುಕೊಂಡರೆ ೧೦೦ ಕಿಲೋ ತೂಗುವ ಒಂದು ಗಿಡ್ಡ ಹಸುವಿನ ಮೈಯಲ್ಲಿ ೬ ಲೀಟರಿನಷ್ಟು ರಕ್ತ ಇದ್ದಂತಾಯಿತು. ಇದರಲ್ಲಿ ಅರ್ಧ ಲೀಟರ್ ಹೋದರೆ ಆರೋಗ್ಯವಂತ ಹಸು ಅದನ್ನು ಹೊರಗೆ ತೋರಗೊಡುವುದಿಲ್ಲ. ಎರಡು ಲೀಟರ್ ಒಮ್ಮೆಲೇ ಹೋದರೆ ಪ್ರಾಣಕ್ಕೆ ಅಪಾಯ.

ರಕ್ತ ಕಡಿಮೆಯಾದೊಡನೆ ಹೃದಯಕ್ಕೆ ಮರಳುವ ಪ್ರವಾಹ ತಗ್ಗುತ್ತದೆ. ಮಹಾಪಧಮನಿಯ ಕಮಾನಿನಲ್ಲಿಯೂ ಕತ್ತಿನ ಅಪಧಮನಿಗಳಲ್ಲಿಯೂ ಒತ್ತಡವನ್ನು ಗ್ರಹಿಸುವ ನರತುದಿಗಳಿವೆ. ಒತ್ತಡ ಇಳಿದ ಸುದ್ದಿಯನ್ನು ಇವು ಮೆದುಳಿನ ಬುಡಕ್ಕೆ ಮುಟ್ಟಿಸುತ್ತವೆ. ಅಲ್ಲಿಂದ ಹೊರಡುವ ಆಜ್ಞೆಯು ಅನುವೇದನಾ ನರವ್ಯೂಹದ ಮೂಲಕ ಏಕಕಾಲಕ್ಕೆ ಹಲವೆಡೆ ತಲುಪುತ್ತದೆ. ಹೃದಯದ ಬಡಿತ ಹೆಚ್ಚುತ್ತದೆ. ಚರ್ಮ ಮತ್ತು ಕರುಳಿನ ರಕ್ತನಾಳಗಳು ಸಂಕುಚಿತಗೊಳ್ಳುತ್ತವೆ. ಮೆದುಳು ಮತ್ತು ಹೃದಯಗಳಿಗೆ ರಕ್ತ ಉಳಿಯುತ್ತದೆ. ಗಾಯಗೊಂಡ ದನದ ಕಿವಿ ತಣ್ಣಗಾಗುವುದಕ್ಕೂ ವಸಡು ಬಿಳಿಚಿಕೊಳ್ಳುವುದಕ್ಕೂ ಇದೇ ಕಾರಣ.

ಇದೇ ವೇಳೆಗೆ ಅಡ್ರಿನಲ್ ಗ್ರಂಥಿಯ ಒಳತಿರುಳು ಅಡ್ರಿನಲಿನ್ನನ್ನು ಸುರಿಸುತ್ತದೆ. ಅದು ಯಕೃತ್ತಿನ ಗ್ಲೈಕೊಜೆನ್ನನ್ನು ಒಡೆದು ಗ್ಲೂಕೋಸಾಗಿ ರಕ್ತಕ್ಕೆ ಬಿಡಿಸುತ್ತದೆ. ಸ್ನಾಯುಗಳಲ್ಲಿಯೂ ಗ್ಲೈಕೊಜೆನ್ ಇದೆಯಾದರೂ ಅದನ್ನು ನೇರವಾಗಿ ರಕ್ತದ ಸಕ್ಕರೆಯಾಗಿಸುವ ಕಿಣ್ವ ಸ್ನಾಯುವಿಗಿಲ್ಲ. ಅಲ್ಲಿಂದ ಹೊರಡುವ ಲ್ಯಾಕ್ಟಿಕ್ ಆಮ್ಲವನ್ನು ಯಕೃತ್ತು ಮತ್ತೆ ಗ್ಲೂಕೋಸಾಗಿ ಮಾರ್ಪಡಿಸುತ್ತದೆ. ಕೋರಿ ದಂಪತಿಗಳ ಹೆಸರಿನಲ್ಲಿ ಪ್ರಸಿದ್ಧವಾಗಿರುವ ಚಕ್ರ ಇದೇ.

ಅಡ್ರಿನಲಿನ್ ಒಂದೇ ಇದಕ್ಕೆ ಕಾರಣವೆಂದು ತಿಳಿಯುವುದು ಸರಿಯಾಗದು. ದನದ ಜಾತಿಗೇ ಸಂಬಂಧಿಸಿದ ಮಹತ್ವದ ಸಾಕ್ಷ್ಯಗಳು ಈ ವಿಷಯದಲ್ಲಿ ದೊರೆಯುತ್ತವೆ. ಎಡ್ವರ್ಡ್ಸ್ ಮತ್ತು ಸಿಲ್ವರ್ ಎಂಬ ಸಂಶೋಧಕರು ಅಡ್ರಿನಲ್ ಗ್ರಂಥಿಗಳನ್ನು ತೆಗೆದ ಕರುಗಳಲ್ಲಿ ಉದರಭಾಗದ ಅನುವೇದನಾ ನರಗಳನ್ನು ಪ್ರಚೋದಿಸಿದಾಗಲೂ ಯಕೃತ್ತಿನ ಗ್ಲೈಕೊಜೆನ್ ಒಡೆಯುವುದನ್ನು ೧೯೭೦ರಲ್ಲಿ ವರದಿ ಮಾಡಿದರು. ನರವು ಗ್ರಂಥಿಯ ನೆರವಿಲ್ಲದೆಯೂ ಯಕೃತ್ತನ್ನು ಆಳಬಲ್ಲದು ಎಂಬುದು ಇದರಿಂದ ಸ್ಪಷ್ಟವಾಯಿತು. ಬ್ಲೂಮ್ ಮತ್ತು ಎಡ್ವರ್ಡ್ಸ್ ೧೯೭೫ರಲ್ಲಿ ಇನ್ನೊಂದು ಹೆಜ್ಜೆ ಮುಂದೆ ಹೋದರು. ಅನುವೇದನಾ ನರಗಳ ಪ್ರಚೋದನೆಯಿಂದ ಮೇದೋಜೀರಕ ಗ್ರಂಥಿಯು ಗ್ಲುಕಗಾನನ್ನು ಹೆಚ್ಚಾಗಿ ಸ್ರವಿಸುತ್ತದೆ, ಇನ್ಸುಲಿನ್ ಸ್ರಾವವನ್ನು ತಡೆಹಿಡಿಯುತ್ತದೆ ಎಂದು ಅವರು ತೋರಿಸಿದರು. ಗ್ಲುಕಗಾನ್ ಸಕ್ಕರೆಯನ್ನು ಏರಿಸುವ ಹಾರ್ಮೋನು. ಇನ್ಸುಲಿನ್ ಇಳಿಸುವ ಹಾರ್ಮೋನು. ಸಾಮಾನ್ಯ ಸ್ಥಿತಿಯಲ್ಲಿ ಸಕ್ಕರೆ ಏರಿದರೆ ಇನ್ಸುಲಿನ್ ಕೂಡ ಏರಬೇಕು. ರಕ್ತಸ್ರಾವದಲ್ಲಿ ಸಕ್ಕರೆ ಏರುತ್ತಿದ್ದರೂ ಇನ್ಸುಲಿನ್ ತಗ್ಗಿಯೇ ಇರುತ್ತದೆ. ದೇಹವು ತನ್ನ ನಿತ್ಯದ ನಿಯಮವನ್ನು ತಾನೇ ಅಮಾನತಿನಲ್ಲಿಡುವ ಸನ್ನಿವೇಶ ಇದು.

ಈ ನಡುವೆ ಪಿಟ್ಯುಟರಿ ಗ್ರಂಥಿಯಿಂದ ಎರಡು ಮುಖ್ಯ ಸ್ರಾವಗಳು ಹೊರಬರುತ್ತವೆ. ಒಂದು, ಅಡ್ರಿನಲ್ ಗ್ರಂಥಿಯ ಹೊರಪದರವನ್ನು ಚೋದಿಸಿ ಕಾರ್ಟಿಸೋಲನ್ನು ಬಿಡಿಸುವ ಹಾರ್ಮೋನು. ಕಾರ್ಟಿಸೋಲ್ ನಿಧಾನವಾಗಿ ಕೆಲಸಮಾಡುತ್ತದೆ. ಸ್ನಾಯುವಿನ ಪ್ರೋಟೀನನ್ನು ಒಡೆದು ಅಮೈನೋ ಆಮ್ಲಗಳನ್ನು ಒದಗಿಸಿ, ದಾಸ್ತಾನು ಮುಗಿದ ಮೇಲೂ ಯಕೃತ್ತು ಗ್ಲೂಕೋಸ್ ತಯಾರಿಸುವಂತೆ ಮಾಡುತ್ತದೆ. ಎರಡನೆಯದು ವಾಸೊಪ್ರೆಸಿನ್. ಮೂತ್ರದಲ್ಲಿ ನೀರು ಹೋಗದಂತೆ ತಡೆಯುವುದು ಇದರ ಮುಖ್ಯ ಕಾರ್ಯ. ಪ್ರಮಾಣ ಹೆಚ್ಚಿದಾಗ ಅದು ರಕ್ತನಾಳಗಳನ್ನು ಬಿಗಿಗೊಳಿಸುತ್ತದೆ ಹಾಗೂ ಯಕೃತ್ತಿನ ಗ್ಲೈಕೊಜೆನ್ ಒಡೆಯಲು ಸಹಾಯಕವಾಗುತ್ತದೆ. ಮೂತ್ರಪಿಂಡಗಳಿಂದ ಆರಂಭಗೊಳ್ಳುವ ರೆನಿನ್–ಆಂಜಿಯೊಟೆನ್ಸಿನ್ ಸರಣಿಯು ಆಲ್ಡೊಸ್ಟೆರೋನನ್ನು ಹೆಚ್ಚಿಸಿ ಉಪ್ಪನ್ನು ಉಳಿಸಿಕೊಡುತ್ತದೆ.

ಸಕ್ಕರೆ ನೀರನ್ನು ಸೆಳೆಯುವ ಬಗೆ

ಏರಿದ ಸಕ್ಕರೆಯನ್ನು ಬಹುಕಾಲ ಮೆದುಳು ಮತ್ತು ಸ್ನಾಯುಗಳಿಗೆ ಒದಗಿಸಿದ ಇಂಧನವೆಂದಷ್ಟೇ ಪರಿಗಣಿಸಲಾಗಿತ್ತು. ಅದಕ್ಕೆ ಇನ್ನೊಂದು ಪ್ರಯೋಜನವಿದೆ ಎಂಬುದು ೧೯೭೦ರ ದಶಕದಿಂದ ಈಚೆಗೆ ಸ್ಪಷ್ಟವಾಯಿತು. ಸ್ವೀಡನ್ನಿನ ಯಾರ್‌ಹುಲ್ಟ್ ಅವರ ಪ್ರಯೋಗಗಳು ಇಲ್ಲಿ ಉಲ್ಲೇಖನೀಯ. ರಕ್ತ ಕಳೆದುಕೊಂಡ ಪ್ರಾಣಿಯಲ್ಲಿ ಸಕ್ಕರೆಯ ಏರಿಕೆಯಿಂದ ರಕ್ತದ ಸಾಂದ್ರತೆ ಹೆಚ್ಚುತ್ತದೆ. ಅಭಿಸರಣ ಕ್ರಿಯೆಯಿಂದ ಅಂಗಾಂಶಗಳ ನೀರು ರಕ್ತನಾಳಗಳಿಗೆ ಬಂದು ಸೇರುತ್ತದೆ ಎಂದು ಅವರು ತೋರಿಸಿದರು.

ಇದರ ಬಲವನ್ನು ಸರಳ ಲೆಕ್ಕದಿಂದ ತಿಳಿಯಬಹುದು. ೧೦೦ ಮಿ.ಲೀ. ರಕ್ತದಲ್ಲಿ ೬೦ ಮಿ.ಗ್ರಾಂ. ಇದ್ದ ಸಕ್ಕರೆ ೧೫೦ ಮಿ.ಗ್ರಾಂ.ಗೆ ಏರಿತೆಂದು ಭಾವಿಸೋಣ. ಈ ೯೦ ಮಿ.ಗ್ರಾಂ. ಹೆಚ್ಚಳವು ಲೀಟರಿಗೆ ೫ ಮಿಲಿಮೋಲಿನಷ್ಟಾಗುತ್ತದೆ. ಒಂದೊಂದು ಮಿಲಿಮೋಲಿನ ವ್ಯತ್ಯಾಸವೂ ಕೋಶದ ಪೊರೆಯ ಆಚೀಚೆ ಸುಮಾರು ೧೯ ಮಿ.ಮೀ. ಪಾದರಸದಷ್ಟು ಅಭಿಸರಣ ಒತ್ತಡವನ್ನು ಉಂಟುಮಾಡುವುದರಿಂದ, ಒಟ್ಟು ಒತ್ತಡ ೯೫ ಮಿ.ಮೀ. ಸಮೀಪಿಸುತ್ತದೆ. ರಕ್ತದ ಪ್ರೋಟೀನುಗಳು ನೀರನ್ನು ಹಿಡಿದಿಟ್ಟುಕೊಳ್ಳುವ ಒತ್ತಡ ೨೫ ಮಿ.ಮೀ. ಆಸುಪಾಸಿನದು. ಸ್ನಾಯುಕೋಶಗಳ ನೀರು ಹೊರಬಂದು ರಕ್ತನಾಳವನ್ನು ಸೇರಲು ಇಷ್ಟು ಸೆಳೆತ ಸಾಕು. ಗಾಯಗೊಂಡ ಪ್ರಾಣಿಗೆ ಹೊರಗಿನಿಂದ ಯಾರೂ ದ್ರವ ಕೊಡದಿರುವಾಗ ಅದು ತನ್ನ ಮೈಯೊಳಗಿನ ನೀರನ್ನೇ ರಕ್ತಕ್ಕೆ ತುಂಬಿಕೊಳ್ಳುತ್ತದೆ.

ಇನ್ಸುಲಿನ್ ಏಕೆ ತಗ್ಗಿರಬೇಕು ಎಂಬುದಕ್ಕೂ ಇಲ್ಲಿ ಉತ್ತರ ದೊರೆಯುತ್ತದೆ. ಇನ್ಸುಲಿನ್ ಹೆಚ್ಚಿದ್ದರೆ ಗ್ಲೂಕೋಸು ಸ್ನಾಯುಕೋಶದ ಒಳಗೆ ನುಸುಳುತ್ತಿತ್ತು; ಹೊರಗೆ ಉಳಿದು ನೀರನ್ನು ಸೆಳೆಯುವ ಶಕ್ತಿ ಅದಕ್ಕಿರುತ್ತಿರಲಿಲ್ಲ. ಇಂಧನವನ್ನು ಮೆದುಳಿಗೆ ಕಾದಿರಿಸುವುದು, ನೀರನ್ನು ರಕ್ತಕ್ಕೆ ಎಳೆಯುವುದು ಎಂಬ ಎರಡು ಕೆಲಸಗಳು ಒಂದೇ ಹಾರ್ಮೋನಿನ ಮೌನದಿಂದ ಸಾಧ್ಯವಾಗುತ್ತವೆ.

ಉಂಡ ಪ್ರಾಣಿ ಮತ್ತು ಹಸಿದ ಪ್ರಾಣಿ

ಮೇಲಿನ ವಿವರಣೆಯು ಸರಿಯಾದರೆ ಯಕೃತ್ತಿನಲ್ಲಿ ಗ್ಲೈಕೊಜೆನ್ ಇಲ್ಲದ ಪ್ರಾಣಿಯು ರಕ್ತಸ್ರಾವವನ್ನು ತಾಳಲಾರದು. ಸ್ವೀಡನ್ನಿನ ಓಲೆ ಯುಂಗ್‌ಕ್ವಿಸ್ಟ್ ಮತ್ತು ಸಂಗಡಿಗರು ೧೯೮೦ರ ದಶಕದಲ್ಲಿ ಇಲಿಗಳ ಮೇಲೆ ನಡೆಸಿದ ಪ್ರಯೋಗಗಳು ಇದನ್ನೇ ಸಮರ್ಥಿಸಿದವು. ಒಂದು ದಿನ ಉಪವಾಸವಿದ್ದ ಇಲಿಗಳು ಮತ್ತು ಹೊಟ್ಟೆತುಂಬ ಉಂಡ ಇಲಿಗಳು ಒಂದೇ ಪ್ರಮಾಣದ ರಕ್ತವನ್ನು ಕಳೆದುಕೊಂಡಾಗ, ಉಂಡ ಇಲಿಗಳಲ್ಲಿ ಸಕ್ಕರೆ ಚೆನ್ನಾಗಿ ಏರಿ ಅವು ಹೆಚ್ಚಿನ ಸಂಖ್ಯೆಯಲ್ಲಿ ಬದುಕುಳಿದವು. ಉಪವಾಸವಿದ್ದವುಗಳಲ್ಲಿ ಸಕ್ಕರೆಯ ಏರಿಕೆ ಅತ್ಯಲ್ಪವಾಗಿತ್ತು. ಸಾವು ಬೇಗ ಬಂದಿತು.

ಈ ಫಲಿತಾಂಶವನ್ನು ಮೆಲುಕು ಹಾಕುವ ಪ್ರಾಣಿಗಳಿಗೆ ಹಾಗೆಯೇ ಅನ್ವಯಿಸುವಂತಿಲ್ಲ. ದನ, ಎಮ್ಮೆ, ಆಡುಗಳ ಮೇವಿನ ಪಿಷ್ಟ ಮತ್ತು ನಾರು ರೂಮೆನ್ ಎಂಬ ದೊಡ್ಡ ಹೊಟ್ಟೆಯಲ್ಲಿ ಸೂಕ್ಷ್ಮಜೀವಿಗಳಿಂದ ಹುದುಗಿ ಅಸಿಟಿಕ್, ಪ್ರೋಪಿಯಾನಿಕ್, ಬ್ಯುಟಿರಿಕ್ ಆಮ್ಲಗಳಾಗುತ್ತವೆ. ಕರುಳಿನಿಂದ ನೇರವಾಗಿ ರಕ್ತಕ್ಕೆ ಸೇರುವ ಗ್ಲೂಕೋಸ್ ಅತ್ಯಲ್ಪ. ದನದ ಯಕೃತ್ತು ಮುಖ್ಯವಾಗಿ ಪ್ರೋಪಿಯಾನಿಕ್ ಆಮ್ಲದಿಂದ ದಿನವಿಡೀ ಗ್ಲೂಕೋಸನ್ನು ತಯಾರಿಸುತ್ತಲೇ ಇರಬೇಕು. ನಾಯಿಯಲ್ಲಿ ೧೦೦ ಮಿ.ಲೀ. ರಕ್ತಕ್ಕೆ ೭೦ರಿಂದ ೧೧೦ ಮಿ.ಗ್ರಾಂ.ವರೆಗೆ ಇರುವ ಸಕ್ಕರೆಯು ವಯಸ್ಕ ದನದಲ್ಲಿ ೪೫ರಿಂದ ೭೫ ಮಿ.ಗ್ರಾಂ. ಮಾತ್ರ. ಇದು ದನದ ಸಹಜ ಸ್ಥಿತಿ, ಕೊರತೆಯಲ್ಲ.

ರೂಮೆನ್ನಿನಲ್ಲಿ ಮೇವಿನ ದಾಸ್ತಾನು ಇರುವುದರಿಂದ ಒಂದು ಹೊತ್ತು ಮೇವು ತಪ್ಪಿದ ಮಾತ್ರಕ್ಕೆ ದನವು ಇಲಿಯಂತೆ ಬರಿದಾಗುವುದಿಲ್ಲ. ಆದರೆ ಮೇವಿನ ಗುಣ ಇಲ್ಲಿ ನಿರ್ಣಾಯಕ. ಶಿಕಾರಿಪುರ–ಸೊರಬದ ಗದ್ದೆಸೀಮೆಯಲ್ಲಿ ಬೇಸಗೆಯ ತಿಂಗಳುಗಳಲ್ಲಿ ಭತ್ತದ ಹುಲ್ಲೇ ದನಗಳ ಮುಖ್ಯ ಆಧಾರ. ಒಣಹುಲ್ಲು ಹುದುಗಿದಾಗ ಅಸಿಟಿಕ್ ಆಮ್ಲದ ಪಾಲು ಹೆಚ್ಚುತ್ತದೆ, ಗ್ಲೂಕೋಸಿಗೆ ಮೂಲವಾದ ಪ್ರೋಪಿಯಾನಿಕ್ ಆಮ್ಲದ ಪಾಲು ತಗ್ಗುತ್ತದೆ. ಹಿಂಡಿ, ತೌಡು, ಜೋಳದ ನುಚ್ಚು, ಹಸಿಮೇವು ಸೇರಿದಾಗ ಈ ಪಾಲು ಸುಧಾರಿಸುತ್ತದೆ. ಹೊಟ್ಟೆ ತುಂಬಿದಂತೆ ಕಾಣುವ ದನವೂ ಗ್ಲೂಕೋಸಿನ ದೃಷ್ಟಿಯಿಂದ ಅರೆಹಸಿವಿನಲ್ಲಿರಬಹುದು.

ಹಾಲು ಕೊಡುವ ಹಸುವಿನ ಸ್ಥಿತಿ ಇನ್ನೂ ಬಿಗಿಯಾದದ್ದು. ಹಾಲಿನ ಸಕ್ಕರೆ ಗ್ಲೂಕೋಸಿನಿಂದಲೇ ಆಗಬೇಕಾದ್ದರಿಂದ ಒಂದು ಲೀಟರ್ ಹಾಲಿಗೆ ಸುಮಾರು ೭೦ ಗ್ರಾಂ ಗ್ಲೂಕೋಸನ್ನು ಕೆಚ್ಚಲು ಸೆಳೆದುಕೊಳ್ಳುತ್ತದೆ. ದಿನಕ್ಕೆ ೧೦ ಲೀಟರ್ ಕರೆಯುವ ಮಿಶ್ರತಳಿ ಹಸುವಿನಲ್ಲಿ ಇದು ೭೦೦ ಗ್ರಾಂ ಆಗುತ್ತದೆ. ಈದ ದಿನಗಳಲ್ಲಿ ರಕ್ತಸ್ರಾವವಾದ ಇಂಥ ಹಸುವಿನ ಯಕೃತ್ತಿನಲ್ಲಿ ಮೀಸಲು ಉಳಿದಿರುವುದು ಕಡಿಮೆ.

ಹೋರಿಯ ಉದಾಹರಣೆ ಬೇರೆಯ ಬಗೆಯದು. ಬೆದರಿಸುವ ಆಟಕ್ಕೆ ಸಾಕಿದ ಹೋರಿಗೆ ಹಿಂಡಿ, ಹುರುಳಿ, ಕಾಳುಗಳ ಆರೈಕೆ ಯಥೇಚ್ಛವಾಗಿ ದೊರೆತಿರುತ್ತದೆ. ಯಕೃತ್ತಿನ ದಾಸ್ತಾನು ತುಂಬಿರುತ್ತದೆ. ಆದರೆ ಗದ್ದಲ, ಭಯ, ಓಟಗಳಿಂದ ಅಡ್ರಿನಲಿನ್ ಮೊದಲೇ ಏರಿ, ಸ್ನಾಯುವಿನ ಗ್ಲೈಕೊಜೆನ್ ಬಹುಪಾಲು ವ್ಯಯವಾಗಿ, ಲ್ಯಾಕ್ಟಿಕ್ ಆಮ್ಲ ಸೇರಿಕೊಂಡಿರುತ್ತದೆ. ಆ ಗಳಿಗೆಯಲ್ಲಿ ಗಾಯವಾದರೆ ರಕ್ತಸ್ರಾವಕ್ಕೆಂದು ಮೀಸಲಾಗಿದ್ದ ರಕ್ಷಣೆಯ ಒಂದಂಶ ಮುಂಚಿತವಾಗಿಯೇ ಖರ್ಚಾಗಿದೆ ಎಂದು ತಿಳಿಯಬೇಕು. ಕ್ಯಾನನ್ ಬೆಕ್ಕಿನಲ್ಲಿ ಕಂಡ ಭಯದ ಸಕ್ಕರೆಯೂ ಬರ್ನಾರ್ ಕಂಡ ರಕ್ತಸ್ರಾವದ ಸಕ್ಕರೆಯೂ ಇಲ್ಲಿ ಒಂದೇ ಪ್ರಾಣಿಯಲ್ಲಿ ಕೂಡುತ್ತವೆ.

ವ್ಯವಸ್ಥೆ ಕುಸಿಯುವ ಹಂತ

ರಕ್ತಸ್ರಾವ ನಿಲ್ಲದಿದ್ದರೆ ಈ ರಕ್ಷಣೆಗೆ ಮಿತಿಯಿದೆ. ಕರುಳಿನ ರಕ್ತನಾಳಗಳು ಬಹುಹೊತ್ತು ಬಿಗಿದುಕೊಂಡಿದ್ದರೆ ಯಕೃತ್ತಿಗೇ ರಕ್ತ ಸಾಲದಾಗುತ್ತದೆ. ಗ್ಲೈಕೊಜೆನ್ ಮುಗಿದಿರುತ್ತದೆ, ಲ್ಯಾಕ್ಟಿಕ್ ಆಮ್ಲ ಬಂದು ಸೇರಿದರೂ ಅದನ್ನು ಗ್ಲೂಕೋಸಾಗಿಸಲು ಯಕೃತ್ತಿಗೆ ಆಮ್ಲಜನಕವಿಲ್ಲ. ಇತ್ತ ಅಂಗಾಂಶಗಳು ಆಮ್ಲಜನಕದ ಕೊರತೆಯಿಂದ ಗ್ಲೂಕೋಸನ್ನು ಅರೆಬರೆಯಾಗಿ ಉರಿಸುತ್ತವೆ. ಪೂರ್ಣವಾಗಿ ಉರಿದರೆ ಒಂದು ಗ್ಲೂಕೋಸ್ ಅಣುವಿನಿಂದ ೩೦ಕ್ಕೂ ಹೆಚ್ಚು ಶಕ್ತಿ ಅಣುಗಳು ದೊರೆಯಬೇಕಾದಲ್ಲಿ ೨ ಮಾತ್ರ ದೊರೆಯುತ್ತವೆ. ಹೀಗೆ ಉತ್ಪಾದನೆ ನಿಂತು ವ್ಯಯ ಹೆಚ್ಚಿದಾಗ ಸಕ್ಕರೆ ಕುಸಿಯತೊಡಗುತ್ತದೆ. ಮೊದಲು ಏರಿಕೆ, ಕೊನೆಗೆ ಇಳಿಕೆ ಎಂಬ ಈ ಎರಡು ಹಂತಗಳ ನಡುವೆ ಸಕ್ಕರೆಯು ಸಹಜ ಮಟ್ಟವನ್ನು ದಾಟಿಯೇ ಕೆಳಗಿಳಿಯಬೇಕಾಗುತ್ತದೆ. ಆ ದಾಟಿನಲ್ಲಿ ಅಳೆದ ಸಂಖ್ಯೆಯು ಆರೋಗ್ಯವಂತ ಪ್ರಾಣಿಯ ಸಂಖ್ಯೆಯಂತೆಯೇ ಕಾಣುತ್ತದೆ ಎಂಬುದು ವೈದ್ಯರಿಗೆ ಎಚ್ಚರಿಕೆಯ ಮಾತು.

ಹನಿಹನಿಯಾಗಿ ಹೋಗುವ ರಕ್ತ

ಮಲೆನಾಡಿನ ದನಗಳು ಕಳೆದುಕೊಳ್ಳುವ ರಕ್ತದಲ್ಲಿ ನಿಧಾನ ನಷ್ಟದ ಪಾಲು ದೊಡ್ಡದು. ದನದ ಉಣುಗಿನ ಒಂದು ಹೆಣ್ಣು ಹೊಟ್ಟೆತುಂಬ ಕುಡಿದು ಉದುರುವಷ್ಟರಲ್ಲಿ ಅರ್ಧದಿಂದ ಒಂದು ಮಿ.ಲೀ. ರಕ್ತ ಹೀರಿರುತ್ತದೆ. ದಿನಕ್ಕೆ ಇಂಥ ೫೦ ಉಣುಗುಗಳು ಉದುರಿದರೆ ೨೫ರಿಂದ ೫೦ ಮಿ.ಲೀ. ನಷ್ಟ, ತಿಂಗಳಿಗೆ ಮುಕ್ಕಾಲರಿಂದ ಒಂದೂವರೆ ಲೀಟರ್. ೬ ಲೀಟರ್ ರಕ್ತವಿರುವ ಗಿಡ್ಡ ಹಸುವಿಗೆ ಇದು ಅಲ್ಪವಲ್ಲ. ಆಡು, ಕುರಿಗಳ ಜಠರದಲ್ಲಿ ನೆಲೆಸುವ ಹೀಮಾಂಕಸ್ ಎಂಬ ಹುಳು ದಿನಕ್ಕೆ ಸುಮಾರು ೦.೦೫ ಮಿ.ಲೀ. ರಕ್ತವನ್ನು ನಷ್ಟಗೊಳಿಸುತ್ತದೆ. ಸಾವಿರ ಹುಳುಗಳಿದ್ದರೆ ದಿನಕ್ಕೆ ೫೦ ಮಿ.ಲೀ. ಆಯಿತು. ೨೦ ಕಿಲೋ ತೂಗುವ ಆಡಿನ ಮೈಯ ಒಟ್ಟು ರಕ್ತವೇ ಒಂದೂಕಾಲು ಲೀಟರ್ ಆಸುಪಾಸಿನದು.

ಈ ಬಗೆಯ ನಷ್ಟದಲ್ಲಿ ರಕ್ತದ ಒತ್ತಡ ಹಠಾತ್ತಾಗಿ ಇಳಿಯುವುದಿಲ್ಲ. ನೀರಿನ ಪ್ರಮಾಣ ಅಂದಂದಿಗೆ ಭರ್ತಿಯಾಗುತ್ತದೆ. ಒತ್ತಡ ಇಳಿಯದಿರುವುದರಿಂದ ಎಚ್ಚರಿಕೆಯ ನರತುದಿಗಳಿಗೆ ಸುದ್ದಿ ಮುಟ್ಟುವುದಿಲ್ಲ, ಅಡ್ರಿನಲಿನ್ ಸುರಿಯುವುದಿಲ್ಲ, ಸಕ್ಕರೆ ಏರುವುದೂ ಇಲ್ಲ. ಇಲ್ಲಿ ಕೆಲಸಮಾಡುವ ಮುಖ್ಯ ಹಾರ್ಮೋನು ಎರಿಥ್ರೊಪೊಯೆಟಿನ್. ರಕ್ತವು ಒಯ್ಯುವ ಆಮ್ಲಜನಕ ಕಡಿಮೆಯಾದುದನ್ನು ಗ್ರಹಿಸಿದ ಮೂತ್ರಪಿಂಡಗಳು ಇದನ್ನು ಸ್ರವಿಸುತ್ತವೆ. ಅಸ್ಥಿಮಜ್ಜೆಯು ಕೆಂಪು ಕಣಗಳನ್ನು ಹೆಚ್ಚಾಗಿ ತಯಾರಿಸುತ್ತದೆ. ಅದಕ್ಕೆ ಕಬ್ಬಿಣ ಮತ್ತು ಪ್ರೋಟೀನು ಬೇಕು. ಉಣುಗು, ಹುಳುಗಳು ಒಯ್ಯುವುದೂ ಇವನ್ನೇ. ಮೇವಿನಲ್ಲಿ ಪ್ರೋಟೀನು ಸಾಲದಿದ್ದರೆ ಸ್ನಾಯುಗಳು ಕರಗುತ್ತವೆ, ಹಾಲು ಇಳಿಯುತ್ತದೆ, ಗಬ್ಬ ನಿಲ್ಲುವುದು ತಡವಾಗುತ್ತದೆ. ದವಡೆಯ ಕೆಳಗೆ ನೀರುಬಾವು ಕಾಣಿಸಿಕೊಳ್ಳುವ ಹೊತ್ತಿಗೆ ನಷ್ಟ ಬಹಳ ಮುಂದುವರಿದಿರುತ್ತದೆ. ಇಷ್ಟೆಲ್ಲ ಆದರೂ ರಕ್ತದ ಸಕ್ಕರೆ ಬಹುಕಾಲ ಸಹಜವಾಗಿಯೇ ಇರುತ್ತದೆ.

ಇಂಥ ಪ್ರಾಣಿಗೆ ಮುಂದೊಂದು ದಿನ ಹೆರಿಗೆಯಲ್ಲಿಯೋ ಗಾಯದಿಂದಲೋ ಕ್ಷಿಪ್ರ ರಕ್ತಸ್ರಾವವಾದಾಗ ನಿಜವಾದ ಅಪಾಯ ಎದುರಾಗುತ್ತದೆ. ಕಣಗಳು ಮೊದಲೇ ಕಡಿಮೆ, ಪ್ರೋಟೀನು ಕಡಿಮೆ, ಯಕೃತ್ತಿನ ದಾಸ್ತಾನು ಕಡಿಮೆ. ಆರೋಗ್ಯವಂತ ಹಸು ತಾಳಿಕೊಳ್ಳುವಷ್ಟು ನಷ್ಟವೇ ಇದಕ್ಕೆ ಮಾರಕವಾಗಬಹುದು.

ಕ್ಯಾಸನೂರಿನ ನಿದರ್ಶನ

೧೯೫೭ರ ಮಾರ್ಚಿ ತಿಂಗಳಲ್ಲಿ ಕ್ಯಾಸನೂರು ಕಾಡಿನಲ್ಲಿ ಮುಸಿಯ ಮತ್ತು ಮಂಗಗಳು ಸಾಯುತ್ತಿರುವ ಸುದ್ದಿ ಹೊರಬಿದ್ದಾಗ ಪುಣೆಯ ವೈರಸ್ ಸಂಶೋಧನ ಕೇಂದ್ರದ (ಇಂದಿನ ರಾಷ್ಟ್ರೀಯ ವೈರಾಣು ವಿಜ್ಞಾನ ಸಂಸ್ಥೆಯ) ತಂಡವು ಸ್ಥಳಕ್ಕೆ ಬಂದಿತು. ಟೆಲ್ಫೋರ್ಡ್ ವರ್ಕ್, ಹೆರಾಲ್ಡ್ ಟ್ರಾಪಿಡೊ ಮೊದಲಾದ ವಿಜ್ಞಾನಿಗಳು ಹೀಮಾಫೈಸಾಲಿಸ್ ಕುಲದ ಉಣುಗುಗಳಿಂದ ಹರಡುವ ಹೊಸ ವೈರಸ್ಸನ್ನು ಗುರುತಿಸಿದರು. ಆರಂಭದ ವರ್ಷಗಳಲ್ಲಿ ಸಾಗರ, ಸೊರಬ, ಶಿಕಾರಿಪುರ ತಾಲ್ಲೂಕುಗಳಿಗೆ ಸೀಮಿತವಾಗಿದ್ದ ಕಾಯಿಲೆ ಮುಂದೆ ಕರ್ನಾಟಕದ ಇತರ ಜಿಲ್ಲೆಗಳಿಗೂ, ೨೦೧೦ರ ದಶಕದಲ್ಲಿ ಕೇರಳ, ಗೋವಾ, ಮಹಾರಾಷ್ಟ್ರಗಳಿಗೂ ಹಬ್ಬಿತು.

ಈ ಕಾಯಿಲೆಗೂ ದನದ ರಕ್ತನಷ್ಟಕ್ಕೂ ನಿಕಟ ಸಂಬಂಧವಿದೆ. ವೈರಸ್ಸು ದನಗಳಲ್ಲಿ ಕಾಯಿಲೆಯನ್ನು ಉಂಟುಮಾಡುವುದಿಲ್ಲ. ಆದರೆ ಮಳೆಗಾಲದಲ್ಲಿ ವಯಸ್ಕ ಉಣುಗುಗಳು ಕಾಡಿಗೆ ಮೇಯಲು ಹೋಗುವ ದನಗಳ ರಕ್ತವನ್ನು ಕುಡಿದು, ನೆಲಕ್ಕೆ ಬಿದ್ದು, ಸಾವಿರಾರು ಮೊಟ್ಟೆಗಳನ್ನಿಡುತ್ತವೆ. ಮಳೆ ಕಳೆದ ಮೇಲೆ ಮರಿಗಳು ಹೊರಬರುತ್ತವೆ. ಡಿಸೆಂಬರಿನಿಂದ ಮೇ ತಿಂಗಳವರೆಗೆ ಎಳೆಯ ಉಣುಗುಗಳು ಮಂಗಗಳನ್ನೂ ಸೊಪ್ಪು ಸೌದೆಗೆ ಹೋದ ಮನುಷ್ಯರನ್ನೂ ಕಚ್ಚುತ್ತವೆ. ಆಷಾಢದಲ್ಲಿ ಹಸು ಕಳೆದುಕೊಂಡ ರಕ್ತವೇ ಮುಂದಿನ ಮಾಘ–ಫಾಲ್ಗುಣಗಳ ಉಣುಗಿನ ಪೀಳಿಗೆಯಾಗುತ್ತದೆ ಎನ್ನಬಹುದು.

ಮಂಗನ ಕಾಯಿಲೆಯಲ್ಲಿ ರಕ್ತದ ಕಿರುಬಿಲ್ಲೆಗಳು ಕಡಿಮೆಯಾಗುತ್ತವೆ; ಮೂಗು, ವಸಡು, ಕರುಳುಗಳಿಂದ ರಕ್ತಸ್ರಾವವಾಗುವುದುಂಟು. ಇದರ ಜೊತೆಗೆ ತೀವ್ರ ಜ್ವರ ಮತ್ತು ಆಹಾರ ಸೇರದಿರುವಿಕೆ. ಜ್ವರವು ಇಂಧನದ ವ್ಯಯವನ್ನು ಹೆಚ್ಚಿಸುತ್ತದೆ, ಉಪವಾಸವು ಯಕೃತ್ತಿನ ದಾಸ್ತಾನನ್ನು ಬರಿದುಮಾಡುತ್ತದೆ. ಅದರ ಮೇಲೆ ರಕ್ತ ಸೋರುತ್ತದೆ. ಸಕ್ಕರೆ ಏರಿ ರಕ್ಷಿಸುವ ಮೊದಲ ಹಂತಕ್ಕೆ ಬೇಕಾದ ಬಂಡವಾಳವೇ ಇಲ್ಲಿ ಇರುವುದಿಲ್ಲ. ಹಸಿದ ಪ್ರಾಣಿಯ ರಕ್ತಸ್ರಾವವನ್ನು ಕುರಿತ ಪ್ರಯೋಗಶಾಲೆಯ ತತ್ತ್ವವು ಕಾಡಿನಲ್ಲಿ ಕಾಣಿಸಿಕೊಳ್ಳುವ ರೂಪ ಇದು.

ಅಳತೆ ಮತ್ತು ಚಿಕಿತ್ಸೆಯ ಪ್ರಶ್ನೆ

ಇತ್ತೀಚಿನ ವರ್ಷಗಳಲ್ಲಿ ಮನುಷ್ಯರಿಗಾಗಿ ತಯಾರಾದ ಕೈಯಳತೆಯ ಗ್ಲುಕೋಮೀಟರುಗಳು ಪಶುಚಿಕಿತ್ಸೆಯಲ್ಲಿಯೂ ಬಳಕೆಗೆ ಬಂದಿವೆ. ರಕ್ತ ಕಳೆದುಕೊಂಡ ಪ್ರಾಣಿಯಲ್ಲಿ ಇವುಗಳ ಓದನ್ನು ಜಾಗರೂಕತೆಯಿಂದ ಸ್ವೀಕರಿಸಬೇಕು. ಕೆಂಪು ಕಣಗಳ ಪ್ರಮಾಣ ತಗ್ಗಿದ ರಕ್ತದಲ್ಲಿ ಇಂಥ ಅನೇಕ ಉಪಕರಣಗಳು ನಿಜವಾದ ಸಕ್ಕರೆಗಿಂತ ಹೆಚ್ಚಿನ ಸಂಖ್ಯೆಯನ್ನು ತೋರಿಸುತ್ತವೆ. ರಕ್ತಹೀನ ಹಸುವಿನಲ್ಲಿ ಸಕ್ಕರೆ ಅಪಾಯದ ಮಟ್ಟಕ್ಕೆ ಇಳಿದಿದ್ದರೂ ಉಪಕರಣವು ಅದನ್ನು ಮರೆಮಾಚಬಹುದು.

ಕಣಗಳ ಪ್ರಮಾಣದ ಅಳತೆಗೂ ಇಂಥದೇ ಮಿತಿಯುಂಟು. ಗಾಯವಾದ ಮೊದಲ ಗಳಿಗೆಗಳಲ್ಲಿ ಕಣ ಮತ್ತು ದ್ರವಗಳು ಒಂದೇ ಪ್ರಮಾಣದಲ್ಲಿ ಹೋಗಿರುತ್ತವೆ. ಜೊತೆಗೆ ಅಡ್ರಿನಲಿನ್ ಪ್ರಭಾವದಿಂದ ಗುಲ್ಮವು ಸಂಕುಚಿತಗೊಂಡು ತನ್ನಲ್ಲಿದ್ದ ಕಣಗಳನ್ನು ರಕ್ತಕ್ಕೆ ಸೇರಿಸುತ್ತದೆ. ಆದಕಾರಣ ಆಗ ಅಳೆದ ಪ್ರಮಾಣ ಸಹಜವಾಗಿಯೇ ತೋರುತ್ತದೆ; ಅಂಗಾಂಶದ ನೀರು ಬಂದು ಸೇರಿದ ಮೇಲೆ, ಗಂಟೆಗಳ ಅನಂತರ, ನಷ್ಟದ ನಿಜಸ್ವರೂಪ ತಿಳಿಯುತ್ತದೆ. ರಕ್ತಸ್ರಾವ ಆರಂಭವಾದ ಹೊತ್ತು, ಪ್ರಾಣಿಯು ಕೊನೆಯ ಸಲ ಮೇದ ಹೊತ್ತು, ಅದರ ಮೇವಿನ ಸ್ವರೂಪ ಇವುಗಳನ್ನು ಸಾಕಿದವರಿಂದ ಕೇಳಿ ಬರೆದಿಟ್ಟುಕೊಳ್ಳದೆ ಯಾವ ಅಳತೆಯನ್ನೂ ಅರ್ಥೈಸಲಾಗದು.

ಚಿಕಿತ್ಸೆಯಲ್ಲಿಯೂ ಇದೇ ವಿವೇಕ ಅಗತ್ಯ. ಶೇಕಡಾ ೫ರ ಡೆಕ್ಸ್‌ಟ್ರೋಸ್ ದ್ರಾವಣವನ್ನು ರಕ್ತನಾಳಕ್ಕೆ ಕೊಟ್ಟಾಗ ಅದರ ಸಕ್ಕರೆ ಬೇಗನೆ ಕೋಶಗಳನ್ನು ಸೇರುತ್ತದೆ. ನೀರು ದೇಹದಾದ್ಯಂತ ಹರಡಿ ರಕ್ತನಾಳದಲ್ಲಿ ಉಳಿಯುವುದು ಸ್ವಲ್ಪ ಭಾಗ ಮಾತ್ರ. ರಕ್ತದ ಪ್ರಮಾಣವನ್ನು ತುಂಬಲು ಲವಣದ್ರಾವಣ ಅಥವಾ ರಿಂಗರ್ ಲ್ಯಾಕ್ಟೇಟ್ ದ್ರಾವಣ ಹೆಚ್ಚು ಸೂಕ್ತ. ಸಕ್ಕರೆಯು ಇಳಿದಿದೆಯೆಂದು ಖಚಿತವಾದಾಗ ಗ್ಲೂಕೋಸನ್ನು ಪ್ರತ್ಯೇಕವಾಗಿ ಕೊಡಬೇಕಾಗುತ್ತದೆ. ನಷ್ಟವು ಹೆಚ್ಚಾಗಿದ್ದರೆ ಇನ್ನೊಂದು ಆರೋಗ್ಯವಂತ ದನದ ರಕ್ತವನ್ನು ಕೊಡುವುದೇ ಸರಿಯಾದ ಮಾರ್ಗ. ದನಗಳಲ್ಲಿ ಮೊದಲ ಸಲದ ರಕ್ತಪೂರಣವು ಸಾಮಾನ್ಯವಾಗಿ ತೊಂದರೆಯಿಲ್ಲದೆ ನಡೆಯುತ್ತದೆ. ಎಲ್ಲಕ್ಕೂ ಮೊದಲು ರಕ್ತಸ್ರಾವವನ್ನು ನಿಲ್ಲಿಸಬೇಕೆಂಬುದನ್ನು ಪ್ರತ್ಯೇಕವಾಗಿ ಹೇಳಬೇಕಾಗಿಲ್ಲ.

ಸಮಾರೋಪ

ರಕ್ತನಷ್ಟಕ್ಕೆ ಪ್ರಾಣಿದೇಹವು ತೋರುವ ಪ್ರತಿಕ್ರಿಯೆಯಲ್ಲಿ ಸಕ್ಕರೆಯು ಇಂಧನವೂ ಹೌದು, ನೀರನ್ನು ಸೆಳೆಯುವ ಸಾಧನವೂ ಹೌದು. ನರಗಳು, ಅಡ್ರಿನಲಿನ್, ಗ್ಲುಕಗಾನ್, ಕಾರ್ಟಿಸೋಲ್, ವಾಸೊಪ್ರೆಸಿನ್‌ಗಳು ಅದನ್ನು ಏರಿಸುತ್ತವೆ. ಇನ್ಸುಲಿನ್ ಹಿಂಜರಿದು ಅದನ್ನು ಉಳಿಸುತ್ತದೆ. ಇವೆಲ್ಲವೂ ಯಕೃತ್ತಿನಲ್ಲಿ ಮೊದಲೇ ಇದ್ದುದನ್ನು ಹೊರತರುವ ಏರ್ಪಾಡುಗಳು. ಇಲ್ಲದುದನ್ನು ಅವು ಸೃಷ್ಟಿಸಲಾರವು.

ಶಿಕಾರಿಪುರ–ಸೊರಬದಂತಹ ಸೀಮೆಯಲ್ಲಿ ಈ ತಿಳಿವಳಿಕೆಗೆ ನೇರವಾದ ಪ್ರಯೋಜನವಿದೆ. ಉಣುಗು ಮತ್ತು ಹುಳುಗಳ ಹತೋಟಿ, ಬೇಸಗೆಯಲ್ಲಿ ಭತ್ತದ ಹುಲ್ಲಿನೊಡನೆ ಒಂದಿಷ್ಟು ಹಿಂಡಿ ಮತ್ತು ಹಸಿಮೇವು, ಗಬ್ಬದ ಹಸುವಿನ ಪೋಷಣೆ ಇವುಗಳನ್ನು ಸಾಮಾನ್ಯವಾಗಿ ಹಾಲಿನ ಇಳುವರಿಯ ದೃಷ್ಟಿಯಿಂದ ನೋಡಲಾಗುತ್ತದೆ. ಮುಂದೆಂದೋ ಒದಗಬಹುದಾದ ಗಾಯದಲ್ಲಿಯೋ ಹೆರಿಗೆಯಲ್ಲಿಯೋ ಆ ಪ್ರಾಣಿ ಬದುಕುಳಿಯುವುದೂ ಇವುಗಳನ್ನೇ ಅವಲಂಬಿಸಿದೆ. ಪಶುವೈದ್ಯರು ಬಂದು ಮುಟ್ಟುವವರೆಗಿನ ಒಂದೆರಡು ಗಂಟೆಗಳಲ್ಲಿ ಹಸುವನ್ನು ಕಾಯುವುದು ಕೊಟ್ಟಿಗೆಯ ಗೋದಲಿಯಲ್ಲಿ ಅದಕ್ಕೆ ದಿನವೂ ದೊರೆತ ಮೇವು.